ಸೂರಿನಲ್ಲಿಟ್ಟ ನಾಲಿಗೆ

ಕಡಲಿಗೂ ಬೆಟ್ಟಕ್ಕೂ ನಡುವೆ ಒಂದು ಊರಂತೆ. ಆ ಊರಿನಲ್ಲಿ ಮನೆಗಳೆಲ್ಲ ಹೆಂಗಸರವಂತೆ, ಗಂಡಸರು ಬಂದುಹೋಗುವವರಂತೆ. ಅಲ್ಲಿನ ಬೀದಿಯಲ್ಲಿ ಓಡಾಡುವ ಬಾಡಿಗೆ ವ್ಯಾನುಗಳಿಗೆಲ್ಲ ದನಿ ಇತ್ತಂತೆ. ದನಿಯಿಲ್ಲದ ವ್ಯಾನನ್ನು ಜನ ಕಣ್ಣೆತ್ತಿಯೂ ನೋಡುತ್ತಿರಲಿಲ್ಲವಂತೆ. ಒಂದು ದಿನ ಒಂದು ವ್ಯಾನಿನ ಗಂಟಲು ಹರಿದುಹೋಯಿತಂತೆ. ಆಗ ಆ ವ್ಯಾನಿನ ಮನೆಯ ಮಗಳು ತಾಯಿಗೆ ಮಾತು ಕೊಟ್ಟಳಂತೆ: ಸೋಮವಾರ ಶಾಲೆ ತೆರೆಯುವುದರೊಳಗೆ ಅದಕ್ಕೊಂದು ಹೊಸ ಗಂಟಲು ಕೂಡಿಸಿಕೊಂಡು ಬರುತ್ತೇನೆ, ಅದೂ ಅಪ್ಪ ತಾನೇ ಬಾಯಿಬಿಟ್ಟು ಆರಿಸಿದ್ದನ್ನು, ಎಂದು.

ಅಜ್ಜಿ ಇದ್ದಿದ್ದರೆ ಹೀಗೆ ಶುರುಮಾಡುತ್ತಿದ್ದಳು ಎಂದುಕೊಂಡಳು ನೆಲ್ಫಾ, ಪಾದಾಂಗಿನ ಪೇಟೆಬೀದಿಯಲ್ಲಿ ಎಪಿಯ ಅಂಗಡಿಯ ಕಾಲು ಸೊಟ್ಟಗಾದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು. ಆದರೆ ಅಜ್ಜಿಯ ಕತೆಯಲ್ಲಿ ಮಾತು ಕೊಟ್ಟವಳು ಏಳು ಬೆಟ್ಟ ದಾಟುತ್ತಿದ್ದಳು, ಹುಲಿಗೆ ಒಗಟು ಹೇಳುತ್ತಿದ್ದಳು. ಇಲ್ಲಿ ದಾಟಬೇಕಾದದ್ದು ಸೋದರಮಾವನನ್ನು. ಅವನು ಅಂಗಡಿಯ ನಟ್ಟನಡುವೆ, ಗೋಡೆಯುದ್ದಕ್ಕೂ ಜೋಡಿಸಿದ ಸ್ಪೀಕರುಗಳ ಎದುರು ಸೈನ್ಯ ಪರಿಶೀಲಿಸುವವನಂತೆ ಕೈ ಹಿಂದೆ ಕಟ್ಟಿ ನಿಂತಿದ್ದ. ಕುಲದ ಹಿರಿಯ, ದಾತುಕ್. ತಲೆಗೆ ಎಣ್ಣೆ, ಬೆರಳಿಗೆ ಹಸಿರು ಕಲ್ಲಿನ ಉಂಗುರ, ಮಾತಿಗೆ ಮುಂಚೆ ಒಂದು ಕೆಮ್ಮು. ಅವನ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಅಪ್ಪ, ಮದುವೆಯ ದಿನ ಕೊಟ್ಟ ಸುತಾನ್ ಬಂದಾರೋ ಎಂಬ ದೊಡ್ಡ ಬಿರುದನ್ನು ತೊಳೆದೂ ತೊಳೆದೂ ಬಣ್ಣಗೆಟ್ಟ ಅಂಗಿಯ ಹಾಗೆ ತೊಟ್ಟುಕೊಂಡು ಮುಗುಳ್ನಗುತ್ತಿದ್ದ. ಆ ಮುಗುಳ್ನಗೆಯನ್ನು ಕಂಡರೆ ಅವಳಿಗೆ ಮೈಯುರಿಯುತ್ತಿತ್ತು. ಯಾವುದಕ್ಕೂ ಒಗ್ಗುವ ನಗು. ಸಾವಿನ ಮನೆಯಲ್ಲೂ ಸಂತೆಯಲ್ಲೂ ಅದೇ. ಹೀಗೆ ನಗುವವನು ಏನನ್ನು ಆರಿಸಿಯಾನು? ಅಮ್ಮನಿಗೆ ಮಾತು ಕೊಡುವಾಗಲೇ ಅವಳಿಗೆ ಇದು ಆಗದ ಕೆಲಸವೆಂದು ಗೊತ್ತಿತ್ತು, ಮತ್ತು ಆಗದೆಂದು ಗೊತ್ತಿದ್ದುದರಲ್ಲಿ ಒಂದು ಕೆಟ್ಟ ಖುಷಿಯೂ ಇತ್ತು. "ದಿನವೆಲ್ಲ ಅದ್ರಲ್ಲಿ ಕೂರೋರು ನಿಮ್ಮಪ್ಪ. ಅವ್ರೇ ಆರಿಸ್ಲಿ. ನೀನು ಜೊತೆಗಿದ್ದು ನೋಡ್ಕೋ," ಎಂದಿದ್ದಳು ಅಮ್ಮ, ಬದನೆಕಾಯಿ ಹೆಚ್ಚುತ್ತ, ತಲೆಯೆತ್ತದೆ. ಎಂದೂ ಅಪ್ಪನ ಪರವಾಗಿ ಒಂದು ಮಾತಾಡದ ಅಮ್ಮ ಇದನ್ನು ಎರಡೆರಡು ಸಲ ಯಾಕೆ ಹೇಳಿದಳೆಂದು ನೆಲ್ಫಾಳಿಗೆ ಹೊಳೆದಿರಲಿಲ್ಲ.

ತಲೆಯಲ್ಲಿ ಸುತ್ತುತ್ತಿದ್ದದ್ದು ಮಾವನ ಮಾತು ಮಾತ್ರ. ಸ್ಪೀಕರು ಹರಿದಂದಿನಿಂದ ವ್ಯಾನು ಮೂಕವಾಗಿ ಓಡುತ್ತಿತ್ತು. ಹಿಂದೆ ಕೂತವರು ಇಳಿಯಬೇಕಾದಲ್ಲಿ "ಕಿರಿ" ಎನ್ನುತ್ತಾರೆ, ಎಡಕ್ಕೆ ಹಾಕು ಎಂದು. ಆದರೆ ಅಪ್ಪ ಹಾಕುತ್ತಿರಲಿಲ್ಲವಂತೆ. ಶಾಲೆಯ ಮೇಷ್ಟರೊಬ್ಬರನ್ನು ಅವರ ಮನೆ ದಾಟಿಸಿ ಸೇತುವೆಯವರೆಗೆ ಕೊಂಡೊಯ್ದನಂತೆ. ಬಸುರಿಯೊಬ್ಬಳು ಕಿರುಚಿಕೊಂಡಳಂತೆ. ದೂರು ಮಾವನ ಕಿವಿಗೆ ಬಿತ್ತು. ಅವನು ಬಂದು ಅಮ್ಮನ ಮನೆಯ ಚಾಪೆಯ ಮೇಲೆ ಕೂತು, ಅಪ್ಪ ಅಲ್ಲೇ ಕಂಬಕ್ಕೆ ಒರಗಿದ್ದರೂ ಅವನಿಲ್ಲದವನಂತೆ, ಹೇಳಿದ್ದ: "ಸುತಾನ್ ಮನಸ್ಸು ಎಲ್ಲೋ ಇರುತ್ತೆ. ವಯಸ್ಸು. ಸೋಮವಾರದೊಳಗೆ ಗಾಡಿ ಸರಿಯಾಗ್ಲಿ, ಒಳ್ಳೇ ತಿಳಿಯಾದ ಸ್ಪೀಕರ್ ಹಾಕಿಸ್ತೀನಿ, ಹಾಡೂ ಕೇಳ್ಬೇಕು, ಜನ ಕಿರಿ ಅಂದ್ರೆ ಅದೂ ಕೇಳ್ಬೇಕು. ಆಮೇಲೂ ಹೀಗೇ ಆದ್ರೆ ನಮ್ಮ ಕುಲದವ್ರೇ ಯಾರಿಗಾದ್ರೂ ಬೀಗದಕೈ ಕೊಡೋಣ. ಸುತಾನ್ ಆರಾಮಾಗಿರ್ಲಿ ಪಾಪ." ಅಪ್ಪ ಕಂಬದಿಂದಲೇ ಮುಗುಳ್ನಕ್ಕು ತಲೆಬಾಗಿಸಿದ್ದ. ತನ್ನ ಕುರ್ಚಿಯನ್ನು ಎಳೆದುಕೊಳ್ಳುವವನಿಗೆ ತಾನೇ ಎದ್ದು ಧೂಳು ಒರೆಸಿಕೊಡುವವನ ನಗು. ಮಾವ ಮೆಚ್ಚಿ ಅಮ್ಮನ ಕಡೆ ತಿರುಗಿ, "ನೋಡು, ಎಂಥ ಮರ್ಯಾದಸ್ಥ. ಇಷ್ಟು ವರ್ಷದಲ್ಲಿ ನನಗೆ ಒಂದು ಎದುರುಮಾತು ಆಡಿಲ್ಲ. ಅಳಿಯತನ ಅಂದ್ರೆ ಇದು," ಎಂದ. ಅಮ್ಮ ತಟ್ಟೆಯನ್ನು ನೆಲಕ್ಕೆ ಕುಟ್ಟಿ ಅಪ್ಪನನ್ನು ಊಟಕ್ಕೆ ಕರೆದಳು. ಅವಳು ಯಾವಾಗಲೂ ಹಾಗೇ, ಕುಟ್ಟಿಯೇ ಕರೆಯುವುದು, ಬೆಕ್ಕನ್ನು ಕರೆದ ಹಾಗೆ. ಆ ಸದ್ದಿನ ತಿರಸ್ಕಾರ ಕೂಡ ಅಪ್ಪನಿಗೆ ನಾಟುತ್ತಿರಲಿಲ್ಲ.

"ಇದು ಕೇಳಿ ದಾತುಕ್," ಎಂದ ಎಪಿ. ಎಪಿ ಅಂಗಡಿಯ ಯಜಮಾನ. ದಪ್ಪ, ತುಟಿಯ ಮೇಲೆ ಸದಾ ಬೆವರು, ಸ್ಪೀಕರಿನ ಬಗ್ಗೆ ಮಾತಾಡುವಾಗ ಕಣ್ಣು ಅರೆಮುಚ್ಚುವವನು. ಬೆಳ್ಳಿ ಬಣ್ಣದ ಪುಟ್ಟ ಜೋಡಿಯೊಂದಕ್ಕೆ ತಂತಿ ಸಿಕ್ಕಿಸಿ ಹಾಡು ಹಾಕಿದ. ಯಾವಳೋ ಒಬ್ಬಳು ಬಿಟ್ಟುಹೋದವನಿಗಾಗಿ ಬಹಳ ಸ್ವಚ್ಛವಾಗಿ ಅತ್ತಳು. "ಇವಳ ಉಸಿರು ಕೇಳಿಸ್ತಾ? ಹಾಡೋಕ್ ಮುಂಚೆ ಎಳ್ಕೊಂಡ್ಲಲ್ಲ, ಆ ಉಸಿರು?"

"ಕೇಳಿಸ್ತು ಕೇಳಿಸ್ತು," ಎಂದ ಮಾವ, ಉಸಿರಿಗೆ ತಾನೇ ಅಪ್ಪಣೆ ಕೊಟ್ಟವನಂತೆ. "ಅದು? ಆ ಕೆಳಗಿನ ಕರೀ ಡಬ್ಬ?"

"ಅದು ಬೇಡಿ. ಹಳೇ ಕಾಲದ್ದು, ಬರೀ ಗದ್ಲ. ಪ್ಲೈವುಡ್ಡಿನ ಗೂಳಿ ಅದು." ಎಂದರೂ ಎಪಿ ಅದಕ್ಕೂ ತಂತಿ ಚುಚ್ಚಿದ, ಮಾರುವವನಿಗೆ ತೋರಿಸದಿರಲಾಗುವುದಿಲ್ಲ. ಸದ್ದು ನೆಲದಿಂದ ಎದ್ದಿತು. ಗಾಜಿನ ಕಪಾಟು ನಡುಗಿತು, ನೆಲ್ಫಾಳ ಕುರ್ಚಿಯ ಸೊಟ್ಟ ಕಾಲು ತಾನಾಗಿ ಕುಣಿಯಿತು, ಬೀದಿಯಲ್ಲಿ ಹೋಗುತ್ತಿದ್ದವಳು ಎದೆಗೆ ಕೈಯಿಟ್ಟುಕೊಂಡಳು. ಮಾವ ಎರಡೂ ಅಂಗೈಯಿಂದ ಕಿವಿ ಮುಚ್ಚಿ, ಮುಖವನ್ನು ಹುಣಸೆ ಕಚ್ಚಿದವನಂತೆ ಮಾಡಿ, "ತೆಗಿ, ತೆಗಿ, ಮನುಷ್ಯರು ಕೂರೋ ಗಾಡಿ ಅದು," ಎಂದ. ಅಪ್ಪ ಮಾವನ ಮುಖವನ್ನೇ ನೋಡುತ್ತ ನಕ್ಕ. ಯಜಮಾನನ ಮುಖ ನೋಡಿ ಹವಾಮಾನ ತಿಳಿಯುವ ನಾಯಿ, ಎಂದುಕೊಂಡಳು ನೆಲ್ಫಾ, ಮತ್ತು ಆ ಹೋಲಿಕೆ ತನಗೆ ಎಷ್ಟು ಸಲೀಸಾಗಿ ಬಂತೆಂದು ಅರೆಕ್ಷಣ ನಾಚಿದಳು.

ಅಜ್ಜಿಯ ಒಂದು ಕತೆಯಲ್ಲಿ ಒಬ್ಬ ಅಳಿಯನಿದ್ದ. ಹೆಂಡತಿಯ ಮನೆಗೆ ಬರುವಾಗ ಹೊಸ್ತಿಲಲ್ಲಿ ನಿಂತು ನಾಲಿಗೆಯನ್ನು ಮೆಲ್ಲಗೆ ಕಿತ್ತು ಸೂರಿನ ಗರಿಯ ಸಂದಿಯಲ್ಲಿ ಸಿಕ್ಕಿಸಿಟ್ಟು ಒಳಗೆ ಬರುತ್ತಿದ್ದ. ಬೆಳಿಗ್ಗೆ ಹೊರಡುವಾಗ ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಒಂದು ರಾತ್ರಿ ಹಲ್ಲಿ ಅದನ್ನು ಹೊತ್ತೊಯ್ದಿತು. ಅಂದಿನಿಂದ ಆ ಮನೆಯ ಹಲ್ಲಿ ಅಳಿಯನ ದನಿಯಲ್ಲಿ ಲೊಚಗುಟ್ಟುತ್ತದೆ. ಅಜ್ಜಿ ಇದನ್ನು ಹೇಳುವಾಗ ಅಪ್ಪ ಪಕ್ಕದಲ್ಲೇ ಬುಡ್ಡಿಯ ಬತ್ತಿ ಸರಿಮಾಡುತ್ತಿರುತ್ತಿದ್ದ, ಅಜ್ಜಿ ಬೇಕೆಂದೇ ಜೋರಾಗಿ ಹೇಳುತ್ತಿದ್ದಳು. ಪುಟ್ಟ ನೆಲ್ಫಾ ಏಣಿಯಿಟ್ಟು ಸೂರಿನಲ್ಲಿ ಹುಡುಕಿದ್ದಳು. ಸಿಕ್ಕಿದ್ದು ಗುಬ್ಬಿಯ ಪುಕ್ಕ. ಆಮೇಲೆ ಶಾಲೆಗೆ ಹೋಗುವ ಕಾಲಕ್ಕೆ ಅವಳಿಗೆ ಆ ನಾಲಿಗೆಯೇ ಬೇಡವಾಗಿತ್ತು. ಗೆಳತಿಯರೊಂದಿಗೆ ಕೂಡುರಸ್ತೆಯಲ್ಲಿ ನಿಂತು ದೂರದಿಂದಲೇ ಹಾಡು ಕೇಳಿ ಯಾವ ವ್ಯಾನು ಹತ್ತಬೇಕೆಂದು ತೀರ್ಮಾನಿಸುವ ವಯಸ್ಸು. ಅಪ್ಪನದು ಹಳೆಯ ಹಾಡಿನ ವ್ಯಾನು. "ಬೇಡ ಬೇಡ, ಆ ಮುದಿಯಂದು ಬೇಡ," ಎಂದು ಗೆಳತಿಯೊಬ್ಬಳು ಕೈಬೀಸಿದಾಗ ನೆಲ್ಫಾ ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗಿದ್ದಳು. ಅಪ್ಪ ನಿಧಾನಿಸಿದ್ದ. ಕಿಟಕಿಯಿಂದ ಬಲಗೈ ಹೊರಚಾಚಿ, ಬೆರಳುಗಳನ್ನು ಚಾವಣಿಯ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಸಿ, ಪೋಕರಿ ಹುಡುಗರ ಭಂಗಿಯಲ್ಲಿ. ಹಾರನ್ ಮಾಡಿ ಹೊರಟುಹೋಗಿದ್ದ. ಕಳೆದ ವರ್ಷ ಸುಡುಬಿಸಿಲಲ್ಲಿ ಅದೇ ಕೂಡುರಸ್ತೆಯಲ್ಲಿ ಅವಳೇ "ಅಪ್ಪಾ, ಅಪ್ಪಾ" ಎಂದು ಕೂಗಿಕೊಂಡು ಓಡಿದರೂ ಅವನು ನಿಲ್ಲಿಸದೆ ಹೋದಾಗ, ಸೇಡು ತೀರಿಸಿಕೊಂಡ ಎಂದುಕೊಂಡಿದ್ದಳು. ನಿಜ ಹೇಳಬೇಕೆಂದರೆ ಆವತ್ತು ಒಂದೇ ಒಂದು ಗಳಿಗೆ ಅವಳಿಗೆ ಅವನ ಮೇಲೆ ಗೌರವ ಬಂದಿತ್ತು. ಮನೆಗೆ ಬಂದು ನೋಡಿದರೆ ಅದೇ ನಗು. ಗೌರವ ಇಳಿದುಹೋಯಿತು.

"ಏನಂತೀರಿ ಸುತಾನ್? ಬೆಳ್ಳೀದೇ ತಗೊಳ್ಳೋಣ್ವಾ?" ಎಂದ ಮಾವ, ತಿರುಗಿ, ಕೇಳುವ ಶಾಸ್ತ್ರಕ್ಕೆ.

"ದಾತುಕ್ ಹೇಳಿದ ಹಾಗೆ," ಎಂದು ಅಪ್ಪ ತಲೆಬಾಗಿಸಿದ.

"ನೋಡು," ಎಂದ ಮಾವ ಎಪಿಗೆ. "ನಿನ್ನ ಬಾವಂದಿರಿಗೆ ಹೇಳು, ಬಂದು ಇವರನ್ನ ನೋಡಿ ಕಲೀಲಿ ಅಂತ."

"ನನ್ ಅಕ್ಕನ ಗಂಡ ನಮ್ಮನೇಲಿ ಟೀವಿ ರಿಮೋಟೂ ಬಿಡಲ್ಲ ದಾತುಕ್. ಬೀಗರ ಮನೆಗೆ ಬಂದೋನು ಅನ್ನೋ ಹಾಗೇ ಇಲ್ಲ, ಮನೆ ಕೊಂಡೋನ ಥರ ಕೂರ್ತಾನೆ," ಎಂದು ನಗುತ್ತ ಎಪಿ ಇನ್ನೊಂದು ಜೋಡಿ ತೋರಿಸಲೆಂದು ಕಪಾಟಿನ ಹಿಂದೆ ನುಗ್ಗಿದ. ಹೋಗುವಾಗ ಅವನ ಕಾಲಿಗೆ ಸಿಕ್ಕಿ ತಂತಿ ಕಿತ್ತುಬಂತು. ಹಾಡು ನಿಂತಿತು.

ಅಂಗಡಿಯಲ್ಲಿ ಸದ್ದಿಲ್ಲ. ಮಾವ ಮೊಬೈಲು ತೆಗೆದು ಯಾರದೋ ಮದುವೆಯ ಫೋಟೋ ನೋಡತೊಡಗಿದ. ಕಪಾಟಿನ ಮೇಲಂಚಿನಾಚೆ ಎಪಿಯ ನೆತ್ತಿ ಮಾತ್ರ ಕಾಣುತ್ತಿತ್ತು. ಅವನು ಬಾಯೊಳಗೇ ಏನನ್ನೋ ಗುನುಗುತ್ತ ಡಬ್ಬಗಳನ್ನು ಸರಿಸುತ್ತಿರಬೇಕು, ನೆತ್ತಿ ಮೇಲೆ ಕೆಳಗೆ ಕುಣಿಯುತ್ತಿತ್ತು. ನೆಲ್ಫಾ ಅಪ್ಪನ ಕಡೆ ನೋಡಿದಳು. ಅಪ್ಪನೂ ತಲೆಯಾಡಿಸುತ್ತಿದ್ದ. ಇಲ್ಲದ ಹಾಡಿಗೆ, ತುಂಬ ರಸಿಕನಂತೆ, ಒಂದು ಕೈಯಲ್ಲಿ ತೊಡೆ ತಟ್ಟುತ್ತ. ಅವನ ಕಣ್ಣು ಎಪಿಯ ನೆತ್ತಿಯ ಮೇಲೇ ಇತ್ತು. ನೆತ್ತಿ ನಿಂತಿತು, ಅಪ್ಪನ ತಲೆ ನಿಂತಿತು. ನೆತ್ತಿ ಮತ್ತೆ ಕುಣಿಯಿತು; ಅಪ್ಪ ಮತ್ತೆ ತಾಳ ಹಾಕಿದ.

ಮೊದಲು ಅವಳಿಗೆ ನಗು ಬಂತು, ಅಭ್ಯಾಸಬಲದಿಂದ. ಆಮೇಲೆ ಅಂಗಡಿಯ ಮೌನ ಅವಳ ಕಿವಿಗೆ ಬಿತ್ತು. "ಅಪ್ಪಾ," ಎಂದಳು ಕೂತಲ್ಲಿಂದಲೇ, ಸಾಧಾರಣ ದನಿಯಲ್ಲಿ. ಅಪ್ಪ ತಾಳ ಹಾಕುತ್ತಲೇ ಇದ್ದ. ಮಾವ ಮೊಬೈಲಿನಿಂದ ತಲೆಯೆತ್ತಿ ಅವಳನ್ನು ನೋಡಿದ, "ಏನು ಉಪಿಕ್, ಏನು ಹುಡುಗಿ?" ಎಂದ. ಏನಿಲ್ಲ ಎಂದಳು. ಏನಿಲ್ಲವೆ? ಕಂಬಕ್ಕೆ ಒರಗಿದವನ ನಗು. ಬಿಸಿಲಲ್ಲಿ ನಿಲ್ಲದೆ ಹೋದ ವ್ಯಾನು. ನೆಲಕ್ಕೆ ಕುಟ್ಟುವ ತಟ್ಟೆ. ನೆಲದ ಹಲಗೆಯಲ್ಲಿ ಹಾದು ಅಪ್ಪನ ಅಂಗಾಲಿಗೆ ತಲುಪುವ ತಟ್ಟೆ. ಅಜ್ಜಿಯ ಕತೆ ತಪ್ಪಾಗಿತ್ತು, ಅಥವಾ ಅಜ್ಜಿ ಬೇಕೆಂದೇ ತಪ್ಪು ಹೇಳಿದ್ದಳು: ಅಳಿಯ ಸೂರಿನಲ್ಲಿಟ್ಟದ್ದು ನಾಲಿಗೆಯನ್ನಲ್ಲ. ಈ ಊರಿಗೆ ಊರೇ ಒಬ್ಬ ಕಿವುಡನನ್ನು ಸಂಪನ್ನನೆಂದು ಹೊಗಳಿಕೊಂಡು ಬಂದಿತ್ತು. ಹೆಂಡತಿಯ ಅಣ್ಣನೆದುರು ಸುಮ್ಮನಿರುವವನು ಒಳ್ಳೆಯ ಅಳಿಯ, ಅಷ್ಟೇ ಲೆಕ್ಕ; ಯಾಕೆ ಸುಮ್ಮನಿದ್ದಾನೆಂದು ಕೇಳುವ ಪದ್ಧತಿ ಇರಲಿಲ್ಲ. ಅವಳೂ ಕೇಳಿರಲಿಲ್ಲ. ಅವಳು ಓದಿದವಳು, ಕನಸಿನವಳು, ಹಲ್ಲಿಯ ಲೊಚಗುಟ್ಟುವಿಕೆಯಲ್ಲಿ ಅರ್ಥ ಹುಡುಕುವವಳು. ಪಕ್ಕದಲ್ಲಿ ಕೂತು ಉಣ್ಣುವವನನ್ನು ಹೇಡಿಯೆಂದು ಬರೆದು ಮುಗಿಸಿ ಪುಟ ಮಗುಚಿದ್ದಳು.

ಮತ್ತು ಬೆಳ್ಳಿ ಬಣ್ಣದ ಆ ತಿಳಿಯಾದ ಜೋಡಿ ಸೋಮವಾರ ಅಪ್ಪನ ಕೆಲಸವನ್ನು ತಿಂದುಹಾಕುತ್ತದೆ. ಅದು ಅವಳಿಗೆ ತಟ್ಟನೆ, ನೀರು ಕುಡಿದಷ್ಟು ಸರಳವಾಗಿ ತಿಳಿಯಿತು.

"ಮಾಮಾ," ಎಂದಳು ಎದ್ದು, ಹತ್ತಿರ ಹೋಗಿ, ಗುಟ್ಟಿನ ದನಿಯಲ್ಲಿ. "ನೀವು ಎದುರಿಗಿದ್ರೆ ಅಪ್ಪ ಬಾಯಿ ಬಿಡಲ್ಲ. ಮರ್ಯಾದೆ. ಅಮ್ಮ ಅವರನ್ನೇ ಆರಿಸೋಕೆ ಹೇಳು ಅಂದಿದಾಳೆ. ನೀವು ಎದುರುಗಡೆ ಹೋಗಿ ಮೊಟ್ಟೆ ಚಹಾ ಕುಡೀತಿರಿ."

ಮಾವನಿಗೆ ಇದು ಹಿಡಿಸಿತು. ತನ್ನ ಇರವೇ ಇನ್ನೊಬ್ಬನ ಬಾಯಿ ಕಟ್ಟುತ್ತದೆಂದರೆ ಯಾವ ಹಿರಿಯನಿಗೆ ಹಿಡಿಸುವುದಿಲ್ಲ. ಒಂದು ಕೆಮ್ಮು ಕೆಮ್ಮಿ, ಉಂಗುರ ಸರಿಮಾಡಿಕೊಂಡು ರಸ್ತೆ ದಾಟಿದ.

ನೆಲ್ಫಾ ಅಪ್ಪನ ಎದುರು ನಿಂತಳು. ದನಿ ತೆಗೆಯದೆ, ಬರೀ ತುಟಿಯಲ್ಲಿ ಕೇಳಿದಳು: ಯಾವಾಗಿನಿಂದ?

ಅಪ್ಪ ಅವಳ ತುಟಿ ನೋಡಿದ. ಆಮೇಲೆ ಎಪಿಯ ನೆತ್ತಿ ನೋಡಿದ. ಆಮೇಲೆ ರಸ್ತೆಯಾಚೆ ಚಹಾದ ಗೂಡಂಗಡಿಯಲ್ಲಿ ಸ್ಟೂಲು ಒರೆಸಿಕೊಳ್ಳುತ್ತಿದ್ದ ಮಾವನನ್ನು. "ದನಿ ತೆಗ್ದು ಮಾತಾಡು," ಎಂದ ಮೆಲ್ಲಗೆ. "ಎಪಿ ತಿರುಗಿ ನೋಡ್ಲಿಲ್ಲ, ಅಂದ್ರೆ ನೀನು ದನಿ ತೆಗ್ದಿಲ್ಲ. ಹಿಂಗೆ ಮೀನಿನ ಥರ ಬಾಯಿ ಆಡಿಸಿದ್ರೆ ನೋಡೋರು ಹಲ್ಲುನೋವು ಅಂದ್ಕೋತಾರೆ."

ಅವಳು ಈ ದನಿಯನ್ನು ಕೇಳಿರಲೇ ಇಲ್ಲ. ಅದರಲ್ಲಿ ಮೊನೆ ಇತ್ತು. "ಯಾವಾಗಿಂದ?" ಎಂದಳು, ದನಿ ತೆಗೆದು, ಆದರೆ ಕಪಾಟಿನಾಚೆ ಮಾತು ಬಿಡಿಸಿ ಕೇಳದಷ್ಟು ಮೆಲ್ಲಗೆ.

"ಒಂದು ಕಿವಿ ನಿಮ್ಮಜ್ಜಿ ಇದ್ದಾಗ್ಲೇ ಹೋಗಿತ್ತು. ಇನ್ನೊಂದು ನಿಮ್ ಮಾಮನ ಭಾಷಣ ಕೇಳಿ ಕೇಳಿ ತಾನೇ ರಾಜೀನಾಮೆ ಕೊಡ್ತು."

"ಅಮ್ಮಂಗೆ ಗೊತ್ತು."

"ನಿಮ್ಮಮ್ಮ ತಟ್ಟೆ ಕುಟ್ಟೋದು ನೀನು ಏನು ಅಂದ್ಕೊಂಡಿದ್ದೆ? ಜಂಬಾನಾ?"

ತಿರಸ್ಕಾರ ಎಂದುಕೊಂಡಿದ್ದಳು ಅವಳು. "ಮಾಮಂಗೆ ಹೇಳ್ಬಹುದಿತ್ತು."

"ಏನಂತ? ನಾನು ತಲೆ ಬಗ್ಗಿಸಿದ್ರೆ ಅವನಿಗೆ ಮರ್ಯಾದೆ ಕಾಣ್ಸುತ್ತೆ. ಕಾಣ್ಸಲಿ, ಪಾಪ, ಅವನಿಗೂ ಏನಾದ್ರೂ ಬೇಕಲ್ಲ." ಅಪ್ಪ ಅದೇ ಹಳೆಯ ಮುಗುಳ್ನಗೆ ನಕ್ಕ, ಮತ್ತು ನೆಲ್ಫಾ ಮೊದಲ ಸಲ ಅದನ್ನು ಹತ್ತಿರದಿಂದ ಓದಿದಳು. ಅದು ಒಗ್ಗುವ ನಗುವಾಗಿರಲಿಲ್ಲ. "ಇಷ್ಟು ವರ್ಷ ಅವನ ಮಾತು ಕಿವಿಗೆ ಬೀಳ್ದೇ ಇದ್ದಿದ್ರಿಂದ ನಂಗೆ ಒಂದು ಕೂದಲೂ ಕೊಂಕಿಲ್ಲ. ಅಂದ್ರೆ ಅದ್ರಲ್ಲಿ ಎಷ್ಟು ತಿರುಳಿತ್ತು ನೋಡು."

ಇಡೀ ಮನೆತನವನ್ನು ಕಂಬಕ್ಕೆ ಒರಗಿ ತಿರಸ್ಕರಿಸುತ್ತ ಕೂತಿದ್ದನಲ್ಲ ಈ ಮನುಷ್ಯ, ಎಂದು ಅವಳು ಬೆರಗಾದಳು. ತನ್ನ ನಾಲಿಗೆಯ ಈ ಹುಳಿ ಅಮ್ಮನ ಕುಲದಿಂದ, ಮಾವನಿಂದ, ಅಜ್ಜಿಯಿಂದ ಬಂದದ್ದೆಂದು ಹೆಮ್ಮೆಪಟ್ಟುಕೊಂಡಿದ್ದಳು. ಬಂದದ್ದು ಈ ಕಡೆಯಿಂದ. ಆಸ್ತಿಯೆಲ್ಲ ತಾಯಿಯ ಕಡೆಯಿಂದ ಬರುವ ಊರಿನಲ್ಲಿ ಇದೊಂದು ಮಾತ್ರ ಕಳ್ಳದಾರಿಯಲ್ಲಿ ಅಪ್ಪನಿಂದ ಬಂದಿತ್ತು. ಅಷ್ಟರಲ್ಲೇ ಇನ್ನೊಂದು ಯೋಚನೆ ತಣ್ಣಗೆ ಹರಿಯಿತು: ಹಾಗಾದರೆ ಆ ನಗುವಿನೊಳಗೆ ತನ್ನ ಪಾಲೂ ಇರಬೇಕು. ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗಿದ ಬೆನ್ನನ್ನು ಅವನು ಕಂಡಿರಬೇಕು. ಕಣ್ಣು ಸರಿಯಾಗಿಯೇ ಇತ್ತಲ್ಲ.

"ಗಾಡಿ ಓಡಿಸೋದು ಹೇಗಪ್ಪ? ಹಾರನ್ನು ಗೀರನ್ನು?"

"ಅಷ್ಟೊಂದು ಕನ್ನಡಿ ಯಾಕೆ ಹಾಕಿದೀನಿ, ಮುಖ ನೋಡ್ಕೊಳ್ಳೋಕಾ? ಹಿಂದಿನ್ದೆಲ್ಲ ಕಾಣುತ್ತೆ. ಕಾಣ್ದೇ ಇರೋದು ಒಂದೇ, ಕಿರಿ ಅನ್ನೋದು."

"ಹಾಗಾದ್ರೆ ಯಾವ್ದು ಬೇಕು?" ಎಂದು ಅವಳು ಒಂದು, ಎರಡು, ಮೂರು ಎಂದು ಬೆರಳು ಮಡಚಿ ಗೋಡೆಯ ಜೋಡಿಗಳನ್ನು ತೋರಿಸತೊಡಗಿದಳು.

"ಬೆರಳು ಇಳ್ಸು. ನಿನ್ನ ಹತ್ರ ಲೆಕ್ಕ ಕಲಿಯೋಕೆ ಬಂದಿಲ್ಲ. ಆ ಕರೀ ಡಬ್ಬ."

"ಅದು ಬರೀ ಗದ್ಲ ಅಂತಾನೆ ಎಪಿ."

"ನಿಮ್ ಮಾಮ ಕಿವಿ ಮುಚ್ಕೊಂಡ್ನಲ್ಲ, ಆಗ್ಲೇ ಆರಿಸ್ದೆ. ಹಿಂದೆ ಕೂತೋರಿಗೆ ಅವರ ಮಾತು ಅವರಿಗೇ ಕೇಳ್ಬಾರ್ದು. ಆಗ ಯಾರೂ ಕಿರಿ ಅನ್ನಲ್ಲ, ಚಾವಣಿ ತಟ್ತಾರೆ. ತಟ್ಟಿದ್ರೆ ಇಲ್ಲಿಗೆ ಬರುತ್ತೆ." ಬಲಗೈಯ ಬೆರಳುಗಳನ್ನು ಗಾಳಿಯಲ್ಲಿ ಕೊಕ್ಕೆಯಂತೆ ಬಗ್ಗಿಸಿ ತೋರಿಸಿದ. ಕಿಟಕಿಯಿಂದ ಹೊರಬಂದು ಚಾವಣಿಯ ಅಂಚನ್ನು ಹಿಡಿಯುವ ಬೆರಳುಗಳು. ಪೋಕರಿ ಭಂಗಿ. "ಗಾಡಿ ಮೂಕಿ ಆದಾಗಿಂದ ಎಲ್ಲಾರೂ ಬಾಯಲ್ಲೇ ಹೇಳ್ತಾರೆ. ಅದಕ್ಕೇ ಆ ಮೇಷ್ಟ್ರು ಸೇತುವೆ ತನಕ ಬಂದ್ರು. ಒಳ್ಳೇ ಮನುಷ್ಯ, ವಾಪಸ್ ಬಿಟ್ಟು ಬಂದೆ."

ಮಾವ ಚಹಾ ಮುಗಿಸಿ ಮೀಸೆಯ ಮೇಲೆ ಮೊಟ್ಟೆಯ ನೊರೆ ಹೊತ್ತು ಬಂದಾಗ ಎಪಿ ಕರೀ ಡಬ್ಬವನ್ನು ಬಾಗಿಲಿಗೆ ಎಳೆಯುತ್ತಿದ್ದ.

"ಇದೇನಿದು? ಈ ಗೂಳೀನ ಯಾರು ಆರಿಸಿದ್ದು?"

"ಅಪ್ಪ," ಎಂದಳು ನೆಲ್ಫಾ. ಅಪ್ಪ ತಲೆಬಾಗಿಸಿ ನಗುತ್ತಿದ್ದ.

"ಸುತಾನ್ ಅಂಥದ್ದು ಆರಿಸಲ್ಲ. ನೀನು ಬಾಯಿ ಹಾಕಿರ್ತೀಯ. ಇದ್ರಲ್ಲಿ ಜನ ಕಿರಿ ಅಂದ್ರೆ ಯಾರಪ್ಪಂಗೆ ಕೇಳ್ಸುತ್ತೆ?"

"ನಮ್ಮಪ್ಪಂಗಂತೂ ಕೇಳಲ್ಲ ಬಿಡಿ," ಎಂದಳು, ಮತ್ತು ತನ್ನ ಧೈರ್ಯಕ್ಕೆ ತಾನೇ ಬೆಚ್ಚಿದಳು. "ಯಾವ ಡ್ರೈವರಿಗೂ ಕೇಳಲ್ಲ. ಜೋರಾಗಿರೋ ಗಾಡೀಲಿ ಎಲ್ಲಾರೂ ತಟ್ಟೇ ಇಳೀತಾರೆ ಮಾಮಾ. ಶಾಲೆ ಮಕ್ಕಳಿಗೆ ಬೇಕಾಗಿರೋದು ಗದ್ಲಾನೇ. ಉಸಿರು ಕೇಳೋಕೆ ಯಾರು ಹತ್ತುತಾರೆ?"

"ಆಗಲ್ಲ. ನಾನು ಹೇಳಿದ್ದು ಬೆಳ್ಳೀದು."

ಎಪಿ ಡಬ್ಬ ಎಳೆಯುವುದನ್ನು ನಿಲ್ಲಿಸಿದ. ಗಾಡಿ ಅಮ್ಮನದು, ನಾಳೆ ನೆಲ್ಫಾಳದು, ಹೆಣ್ಣುಮಕ್ಕಳ ಮನೆಯದು. ಹಿರಿಯನಿಗಿರುವುದು ಕಾಯುವ ಹಕ್ಕು ಮಾತ್ರ. ಆದರೆ ಇದನ್ನು ಹಾಗೆ ಹೇಳಿದರೆ ಜಗಳ. ಈ ಊರಿನಲ್ಲಿ ಜಗಳಕ್ಕೆ ಯಾರೂ ಸೋಲುವುದಿಲ್ಲ, ನಗೆಗೆ ಸೋಲುತ್ತಾರೆ.

"ಒಂದು ಮಾತು ಕೇಳ್ಲಾ ಮಾಮಾ? ಅತ್ತೆ ಮನೇಲಿ ಮೊನ್ನೆ ಹೊಸ ಪರದೆ ಹಾಕಿದ್ರಲ್ಲ, ಗುಲಾಬಿ ಬಣ್ಣದ್ದು. ಅದನ್ನ ಆರಿಸಿದ್ದು ಯಾರು?"

ಎಪಿ ಗೋಡೆಯ ಕಡೆ ತಿರುಗಿಕೊಂಡ. ಅವನ ದಪ್ಪ ಭುಜಗಳು ಕುಣಿಯತೊಡಗಿದವು. ಅಪ್ಪ ಅದನ್ನು ನೋಡಿ, ತಮಾಷೆಯೇ ಇರಬೇಕೆಂದು, ತಾನೂ ಭುಜ ಕುಣಿಸಿದ. ಮಾವ ಉಂಗುರ ತಿರುಗಿಸಿದ. ತಂಗಿಯ ಮನೆಯಲ್ಲಿ ದಾತುಕ್, ಹೆಂಡತಿಯ ಮನೆಯಲ್ಲಿ ಗುಲಾಬಿ ಪರದೆಯ ಕೆಳಗೆ ಕಾಲು ಮಡಚಿ ಕೂತು, ಚೆನ್ನಾಗಿದೆ ಎನ್ನುವ ಅಳಿಯ. ಅವನ ನಾಲಿಗೆಗೂ ಎಲ್ಲೋ ಒಂದು ಸೂರಿತ್ತು.

"ನಿಮ್ಮಜ್ಜಿ ನಿನಗೆ ಹಾಲಿನ ಬದಲು ಮೆಣಸಿನ ನೀರು ಕುಡಿಸಿದಾಳೆ," ಎಂದ ಕೊನೆಗೆ, ಮೀಸೆ ಒರೆಸಿಕೊಳ್ಳುತ್ತ. "ಹಾಕು ಎಪಿ, ಹಾಕು. ಚಾವಣಿ ಹಾರಿಹೋದ್ರೆ ಇವಳನ್ನ ಕೇಳು."

ಹಾಕುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಸೀಟಿನ ಅಡಿ ಕೊರೆದು, ಡಬ್ಬ ಕೂರಿಸಿ, ಎಪಿ ಕೊನೆಯ ತಿರುಪು ಬಿಗಿದಾಗ ಬಿಸಿಲು ಇಳಿದಿತ್ತು. ಮೂವರೂ ಹೊರಟರು, ಮುಂದೆ ಅಪ್ಪ ಒಬ್ಬನೇ, ಹಿಂದಿನ ಬೆಂಚಿನಲ್ಲಿ ಮಾವ ಮತ್ತು ನೆಲ್ಫಾ. ಹಾಡು ಶುರುವಾದೊಡನೆ ಮಾವ ಏನೋ ಹೇಳಿದ. ಅವನ ಬಾಯಿ ಆಡುವುದಷ್ಟೇ ಕಂಡಿತು. ಅವಳು ಮುಗುಳ್ನಕ್ಕು ತಲೆಬಾಗಿಸಿದಳು. ಎಷ್ಟು ಸುಲಭ ಇದು, ಎಷ್ಟು ಸುಖ. ಅವನು ಮತ್ತೂ ಹೇಳಿದ, ಬೆರಳೆತ್ತಿ, ಹುಬ್ಬು ಹಾರಿಸಿ. ಅವಳು ಮತ್ತೆ ತಲೆಬಾಗಿಸಿದಳು. ಕನ್ನಡಿಗಳಲ್ಲೊಂದರಲ್ಲಿ ಅಪ್ಪನ ಕಣ್ಣು ಅವಳನ್ನು ಹಿಡಿಯಿತು, ಬಿಟ್ಟಿತು.

ಮಾವನ ಹೆಂಡತಿಯ ಮನೆಯ ತಿರುವು ಬಂತು. ಮಾವ ಬಾಗಿ "ಕಿರಿ" ಎಂದಿರಬೇಕು, ತುಟಿ ಹಾಗೆ ಹಿಗ್ಗಿತು. ವ್ಯಾನು ಓಡಿತು. ಇನ್ನೊಮ್ಮೆ ಹಿಗ್ಗಿತು, ಕತ್ತಿನ ನರ ಉಬ್ಬಿತು. ಗುಲಾಬಿ ಪರದೆಯ ಕಿಟಕಿ ಪಕ್ಕದಲ್ಲಿ ಸರಿದುಹೋಯಿತು. ಅಪ್ಪನ ಬಲಗೈ ಕಿಟಕಿಯಾಚೆ ಚಾವಣಿಯ ಅಂಚನ್ನು ಹಿಡಿದುಕೊಂಡಿತ್ತು, ಹಾಡಿನೊಂದಿಗೆ ನಡುಗುವ ತಗಡನ್ನು, ಕಾಯುತ್ತ. ನೆಲ್ಫಾ ಕೈಯೆತ್ತಿ, ಬೆರಳ ಗೆಣ್ಣಿನಿಂದ, ಬಾಗಿಲು ತಟ್ಟುವವಳಂತೆ ಚಾವಣಿಯನ್ನು ಬಲವಾಗಿ ತಟ್ಟಿದಳು.

ವ್ಯಾನು ಮೆತ್ತಗೆ ಎಡಕ್ಕೆ ಸರಿದು ನಿಂತಿತು.

ಅಪ್ಪ ಹಾಡನ್ನು ನಿಲ್ಲಿಸಿ ಪೂರ್ತಿ ಹಿಂದಕ್ಕೆ ತಿರುಗಿ ಕೂತ. "ಕ್ಷಮಿಸ್ಬೇಕು ದಾತುಕ್," ಎಂದ, ಹೊಸ ವಸ್ತುವಿನ ಒಡೆಯನ ಬಿಂಕದಲ್ಲಿ. "ಕರೆದ್ರಾ? ಈ ಸ್ಪೀಕರಲ್ಲಿ ಏನಂದ್ರೆ ಏನೂ ಕೇಳ್ಸಲ್ಲ."